ಗಂಟೆ ಬಾರಿಸದ ಯಂತ್ರ: ತೋಟದ ಕಚೇರಿಯ ಹನ್ನೆರಡು ಕಾಗದಗಳ ರಿಪೇರಿ

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬಯಲುಸೀಮೆಯ ನೆಂಟರು ಈ ಮಾತು ಕೇಳಿದರೆ ಕಥೆ, ಕವನ ಬರೆಯುವವನೆಂದು ತಿಳಿಯುತ್ತಾರೆ. ಚಿಕ್ಕಮಗಳೂರು ಸೀಮೆಯಲ್ಲಿ ತೋಟದ ರೈಟರ್ ಎಂದರೆ ಕೆಲಸಗಾರರ ಹಾಜರಿ ಪುಸ್ತಕವಾದ ಚೆಕ್‌ರೋಲ್ ತುಂಬುವವನು, ಶನಿವಾರದ ಬಟವಾಡೆಗೆ ಲೆಕ್ಕ ಹಾಕುವವನು, ಕಾಫಿ ಹದಮಾಡುವ ಕ್ಯೂರಿಂಗ್‌ಗೆ ಹೋಗುವ ಲಾರಿಗೆ ಚೀಲ ಎಣಿಸಿ ಚೀಟಿ ಕೊಡುವವನು. ಇವುಗಳ ನಡುವೆ ಬ್ಯಾಂಕಿಗೆ, ಪಂಚಾಯಿತಿಗೆ, ವಿದ್ಯುತ್ ಕಚೇರಿಗೆ ಪತ್ರ ಬರೆಯುವ ಕೆಲಸವೂ ಅವನ ತಲೆಗೇ ಬರುತ್ತದೆ.

ಈ ವರ್ಷ ಏಪ್ರಿಲ್‌ನಲ್ಲಿ ಹೂಮಳೆಯ ಜೊತೆ ಬಂದ ಸಿಡಿಲಿಗೆ ಕಚೇರಿಯ ಹಳೆಯ ಕಂಪ್ಯೂಟರ್ ಸತ್ತುಹೋಯಿತು. ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಸುಟ್ಟವು. ಹಾರ್ಡ್ ಡಿಸ್ಕ್ ಉಳಿಯಿತು. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಆ ಡಿಸ್ಕನ್ನು ಯು.ಎಸ್.ಬಿ. ಡಬ್ಬಿಯೊಳಗೆ ಕೂರಿಸಿಕೊಟ್ಟರು. ಸಾಹುಕಾರರು ತಮ್ಮ ಮಗ ಬಿಟ್ಟುಹೋಗಿದ್ದ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, "ಇದರಲ್ಲಿ ಎಲ್ಲವೂ ಮೊದಲಿನಂತೆ ಆಗಲಿ ರೈಟರೇ" ಎಂದರು. ಮೊದಲಿನಂತೆ ಆಗಲಿಲ್ಲ. ಹಾಗಾಗಿ ಏಪ್ರಿಲ್ ಕೊನೆಯಿಂದ ಜುಲೈವರೆಗೆ ಬಿಡುವಾದಾಗಲೆಲ್ಲ ಕುಳಿತು ಮಾಡಿದ ರಿಪೇರಿಯ ದಾಖಲೆ ಇದು. ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡದ್ದು ಹಣ ಕೊಡಬೇಕಿಲ್ಲದ ಕಚೇರಿ ತಂತ್ರಾಂಶ ಲಿಬ್ರೆ ಆಫೀಸ್. ಇದನ್ನು ಕಲಿಸಿದ ಗುರು ನನ್ನ ಅಕ್ಕನ ಮಗಳು. ಬಿ.ಕಾಂ. ಮುಗಿಸಿ ಚಿಕ್ಕಮಗಳೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಬಳಿ ಕೆಲಸಕ್ಕಿದ್ದಾಳೆ, ಭಾನುವಾರಗಳಂದು ಬರುತ್ತಾಳೆ.

ಅಕ್ಷರಗಳ ವೇಷ

ಡಿಸ್ಕಿನಿಂದ ಮೊದಲು ತೆರೆದದ್ದು ಬ್ಯಾಂಕಿಗೆ ಬರೆದಿದ್ದ ಒಂದು ಪತ್ರ. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. 'ಕ' ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ. ಸಿಡಿಲು ಕಡತವನ್ನೂ ತಿಂದಿತೆಂದು ತಿಳಿದು ಇನ್ನೂ ನಾಲ್ಕು ತೆರೆದೆ. ಎಲ್ಲವೂ ಹಾಗೆಯೇ.

ಸಿಡಿಲಿನ ತಪ್ಪು ಏನೂ ಇರಲಿಲ್ಲ. ನಾವು ಇಷ್ಟು ವರ್ಷ ಹೊಡೆದದ್ದೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಅಂಥ ಫಾಂಟಿನಲ್ಲಿ ಬರೆದರೆ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸಿ ರಂಗಕ್ಕೆ ಕಳಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಒಳಗಿನ ಪಿ ಹೊರಗೆ ಬರುತ್ತದೆ. ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡಿದ ಯುನಿಕೋಡ್‌ನಲ್ಲಿ 'ಕ'ಗೆ ತನ್ನದೇ ಸಂಖ್ಯೆಯಿದೆ, ಫಾಂಟು ಯಾವುದಾದರೂ ಅದು 'ಕ'ವೇ. ಕನ್ನಡಕ್ಕೆ ಆ ಸಂಖ್ಯೆಗಳು 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿದ್ದವು. ನಮ್ಮ ತೋಟದ ಗೇಟು ದಾಟಿ ಒಳಗೆ ಬರಲು ಅವಕ್ಕೆ ಮೂವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಹಳೆಯ ಫಾಂಟನ್ನೇ ಇದಕ್ಕೂ ಹಾಕಿಕೊಂಡರೆ ಮುಗಿಯಿತಲ್ಲ ಎಂಬುದು ನನ್ನ ವಾದ. "ಮಾವ, ನೀವು ಕಳಿಸಿದ ಪತ್ರ ಸಾಹುಕಾರರ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ, ಕೇಳಿದ್ದೀರಾ?" ಎಂದಳು ಅಕ್ಕನ ಮಗಳು. ಕೇಳಿದೆ. ಇಷ್ಟು ದಿನ ಅವರು ಓದದೆಯೇ 'ಸರಿ' ಎನ್ನುತ್ತಿದ್ದರೆಂದು ತಿಳಿಯಿತು.

ಹಾಗಾಗಿ ಪರಿವರ್ತನೆ. ಡಿಸ್ಕಿನಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಕಡತಗಳಲ್ಲಿ ನಿಜವಾಗಿ ಬೇಕಾದ ನಮೂನೆಗಳು ಹನ್ನೆರಡೇ: ಬ್ಯಾಂಕಿನ ಪತ್ರ, ಕ್ಯೂರಿಂಗ್‌ಗೆ ಮಾಲು ಕಳಿಸುವ ಪತ್ರ, ಕೆಲಸಗಾರರಿಗೆ ಅಂಟಿಸುವ ತಿಳುವಳಿಕೆ, ಬಟವಾಡೆ ಚೀಟಿ, ಅನುಭವ ಪ್ರಮಾಣ ಪತ್ರ, ಸಿಲ್ವರ್ ಮರ ಮಾರಾಟದ ದರಪಟ್ಟಿ ಕೋರಿಕೆ, ಹೀಗೆ. ಉಳಿದವೆಲ್ಲ ಇವುಗಳದ್ದೇ ಮರಿಗಳು. ತಾರೀಖು ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸಿದವು. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಆಗಿ ತೆಗೆಯುವುದು ಎರಡು ನಿಮಿಷದ ಕೆಲಸ. ತಿದ್ದುವುದು ಎರಡು ಗಂಟೆಯದು. ಪತ್ರದ ನಡುವೆ ಇಂಗ್ಲಿಷಿನಲ್ಲಿದ್ದ ಬ್ಯಾಂಕಿನ ಐ.ಎಫ್.ಎಸ್.ಸಿ. ಸಂಕೇತವನ್ನೂ ಪರಿವರ್ತಕ ವೇಷಧಾರಿ ಕನ್ನಡವೆಂದು ನಂಬಿ ಅರ್ಥವಿಲ್ಲದ ಕನ್ನಡವಾಗಿಸಿತು. ಅಂದಿನಿಂದ ಕ್ರಮ ಬದಲಿಸಿದೆ. ಪರಿವರ್ತನೆಗೆ ಮೊದಲು ಇಂಗ್ಲಿಷ್ ಇರುವ ಕಡೆಗಳನ್ನು ಕಾಗದದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಪಾಸ್ ಪುಸ್ತಕ ನೋಡಿಕೊಂಡೇ ಹೊಸದಾಗಿ ಹೊಡೆಯುವುದು. ಹನ್ನೊಂದು ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಹಳೆಯ ಪತ್ರದಲ್ಲಿ ನಾನು ಅಲ್ಲಿ ಇಂಗ್ಲಿಷಿನ ಓ ಹೊಡೆದಿದ್ದೆ.

ರಾಗಿ ಚೆಲ್ಲಿದ ಅಂಗಳ

ಎರಡನೆಯ ಭಾನುವಾರ ಅವಳು ಬಂದು ಪರಿವರ್ತನೆಯಾದ ಪತ್ರವನ್ನು ತೆರೆದು, ಕಂಟ್ರೋಲ್ ಹಿಡಿದು ಎಫ್10 ಒತ್ತಿದಳು. ಕಾಣದಿದ್ದದ್ದೆಲ್ಲ ಕಾಣಿಸಿತು. ಸ್ಪೇಸ್ ಹೊಡೆದ ಕಡೆಯೆಲ್ಲ ಒಂದು ಚುಕ್ಕೆ, ಎಂಟರ್ ಹೊಡೆದ ಕಡೆಯೆಲ್ಲ ಒಂದು ಕೊಕ್ಕೆ. ತಾರೀಖನ್ನು ಬಲಕ್ಕೆ ತಳ್ಳಲು 58 ಚುಕ್ಕೆ. ಸಹಿಗೆ ಜಾಗ ಬಿಡಲು ಏಳು ಕೊಕ್ಕೆ. ಎರಡನೆಯ ಪುಟಕ್ಕೆ ಹೋಗಲು ಹತ್ತೊಂಬತ್ತು.

"ಮಾವ, ಇದು ಪತ್ರವೋ, ರಾಗಿ ಚೆಲ್ಲಿದ ಅಂಗಳವೋ?"

ನನಗೆ ಸಿಟ್ಟು ಬಂತು. ಚಿಕ್ಕಮಗಳೂರಿನಲ್ಲಿ ಬೆರಳಚ್ಚು ಕಲಿತು, ಕನ್ನಡ ಜೂನಿಯರ್, ಸೀನಿಯರ್ ಎರಡನ್ನೂ ಮೊದಲ ಸಲಕ್ಕೇ ಪಾಸು ಮಾಡಿದವನು ನಾನು. ಆದರೆ ತಪ್ಪು ಇದ್ದದ್ದು ಅಲ್ಲಿಯೇ. ಟೈಪ್‌ರೈಟರ್‌ನಲ್ಲಿ ಸಾಲು ಬಲ ಅಂಚನ್ನು ಮುಟ್ಟುವುದಕ್ಕೆ ಕೆಲವು ಅಕ್ಷರ ಮೊದಲೇ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದೊಡನೆ ಎಡಗೈ ಮೇಲೆದ್ದು ಸನ್ನೆಕೋಲನ್ನು ತಳ್ಳಿ ಕ್ಯಾರೇಜನ್ನು ಮರಳಿಸಬೇಕು. ಈ ಯಂತ್ರದಲ್ಲಿ ಗಂಟೆಯಿಲ್ಲ. ಆದರೂ ನನ್ನ ಕಣ್ಣು ಅಂಚನ್ನು ಅಳೆಯುತ್ತದೆ, ಬಲಗೈಯ ಕಿರುಬೆರಳು ಎಂಟರ್ ಹೊಡೆಯುತ್ತದೆ. ಹೀಗೆ ಪ್ರತಿ ಸಾಲೂ ಒಂದು ಪ್ಯಾರಾ ಆಗಿ ಕುಳಿತಿತ್ತು. ಫಾಂಟು ಬದಲಾದೊಡನೆ ಅಳತೆ ತಪ್ಪಿ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ. ಬೇಲಿಯ ಗೂಟ ಕಿತ್ತ ಹಾಗೆ.

ತಿದ್ದಿದ ಬಗೆ ಹೀಗೆ. 'ಫೈಂಡ್ ಅಂಡ್ ರಿಪ್ಲೇಸ್' ಪೆಟ್ಟಿಗೆಯಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಶನ್ಸ್' ಎಂಬಲ್ಲಿ ಗುರುತು ಹಾಕಬೇಕು. ಒಂದು ಪ್ಯಾರಾಕ್ಕೆ ಸೇರಬೇಕಾದ ಸಾಲುಗಳನ್ನಷ್ಟೇ ಆಯ್ದು, ಆಯ್ಕೆಯೊಳಗೆ ಮಾತ್ರ, ಪ್ಯಾರಾದ ಕೊನೆಯನ್ನು ಸೂಚಿಸುವ ಡಾಲರ್ ಚಿಹ್ನೆಯನ್ನು ಹುಡುಕಿ ಅದರ ಬದಲು ಒಂದು ಸ್ಪೇಸ್ ಹಾಕಿದರೆ ಮುರಿದ ಸಾಲುಗಳು ಕೂಡಿಕೊಳ್ಳುತ್ತವೆ. ಅದೆಲ್ಲ ಮುಗಿದ ಮೇಲೆ ಖಾಲಿ ಪ್ಯಾರಾಗಳನ್ನು ಹುಡುಕಿ ಅಳಿಸುವುದು. ಹುಡುಕಬೇಕಾದದ್ದು ಪ್ಯಾರಾದ ಆರಂಭವನ್ನು ಸೂಚಿಸುವ ಟೋಪಿ ಚಿಹ್ನೆ (^), ಅದರ ಬೆನ್ನಿಗೇ ಡಾಲರ್. ಕೊನೆಗೆ ಒಂದಕ್ಕಿಂತ ಹೆಚ್ಚು ಸ್ಪೇಸ್‌ಗಳನ್ನು ಒಂದಕ್ಕೆ ಇಳಿಸುವುದು. ಈ ಕ್ರಮ ತಪ್ಪಬಾರದು. ಮೂರು ಪುಟದ ತಿಳುವಳಿಕೆಯೊಂದರಲ್ಲಿ ನಾನು ಖಾಲಿ ಪ್ಯಾರಾಗಳನ್ನೇ ಮೊದಲು ಅಳಿಸಿದೆ. ಅವೇ ನಿಜವಾದ ಪ್ಯಾರಾ ಎಲ್ಲಿ ಮುಗಿಯಿತೆಂದು ತೋರಿಸುವ ಗಡಿಕಲ್ಲುಗಳಾಗಿದ್ದವು. ಗಡಿಕಲ್ಲು ಕಿತ್ತ ಜಮೀನನ್ನು ಮತ್ತೆ ಅಳೆಯಲು ಒಂದು ಸಂಜೆ ಹೋಯಿತು.

ಪತ್ರದ ಎಲುಬು

ಮುಂದಿನದು ಶೈಲಿಗಳು, ಅಂದರೆ ಸ್ಟೈಲ್. ಎಫ್11 ಒತ್ತಿದರೆ ಪಕ್ಕದಲ್ಲಿ ಪಟ್ಟಿ ತೆರೆಯುತ್ತದೆ. ಅದರಲ್ಲಿ ನನ್ನವೇ ಐದು ಮಾಡಿಕೊಂಡೆ: ವಿಳಾಸ, ದಿನಾಂಕ, ವಿಷಯ, ಒಡಲು, ಸಹಿ. ದಿನಾಂಕಕ್ಕೆ ಬಲ ಜೋಡಣೆ; 58 ಚುಕ್ಕೆಗೆ ವಿದಾಯ. ಸಹಿಗೆ ಮೇಲಿನ ಅಂತರ 3 ಸೆಂಟಿಮೀಟರ್; ಏಳು ಕೊಕ್ಕೆಗೆ ವಿದಾಯ. ಪುಟ ಮುರಿಯಲು ಕಂಟ್ರೋಲ್ ಮತ್ತು ಎಂಟರ್.

ಐದರಲ್ಲಿ ನನಗೆ ಹೆಮ್ಮೆಯಿರುವುದು 'ವಿಷಯ'ದ ಬಗ್ಗೆ. ಕನ್ನಡ ಕಚೇರಿ ಪತ್ರದಲ್ಲಿ 'ಮಾನ್ಯರೇ' ಆದ ಮೇಲೆ 'ವಿಷಯ:' ಬರುತ್ತದೆ, ಅದರ ಕೆಳಗೆ 'ಉಲ್ಲೇಖ:'. ವಿಷಯ ಎರಡು ಸಾಲಿಗೆ ಹರಿದರೆ ಎರಡನೆಯ ಸಾಲು 'ವಿಷಯ' ಎಂಬ ಪದದ ಅಡಿಗೆ ಬರಬಾರದು, ಅದರ ಮುಂದಿನ ಮಾತಿನ ಅಡಿಗೆ ನಿಲ್ಲಬೇಕು. ಇದನ್ನು ನಾನು ಇಪ್ಪತ್ತು ವರ್ಷ ಎಂಟರ್ ಹೊಡೆದು, ಸ್ಪೇಸ್ ಎಣಿಸಿ ಮಾಡುತ್ತಿದ್ದೆ. ಈಗ ಶೈಲಿಯಲ್ಲಿ ಪಠ್ಯದ ಎಡ ಅಂತರ 2.5 ಸೆಂಟಿಮೀಟರ್, ಮೊದಲ ಸಾಲಿಗೆ ಋಣ 2.5. 'ವಿಷಯ:' ಎಂದು ಹೊಡೆದು ಒಂದು ಟ್ಯಾಬ್. ಎಷ್ಟು ಉದ್ದದ ವಿಷಯವಾದರೂ ತಾನಾಗಿಯೇ ಸಾಲು ಹಿಡಿಯುತ್ತದೆ. ಮೊದಲ ಸಲ ಅದು ನಿಂತಾಗ ಬೇಕೆಂದೇ ವಿಷಯವನ್ನು ಐದು ಸಾಲು ಬೆಳೆಸಿ ನೋಡಿದೆ.

ಫಾಂಟಿನ ವಿಚಾರದಲ್ಲಿ ಅರ್ಧ ದಿನ ಕಳೆದುಕೊಂಡೆ. ಶೈಲಿಯಲ್ಲಿ ನೋಟೋ ಸೆರಿಫ್ ಕನ್ನಡ, 12 ಪಾಯಿಂಟ್ ಎಂದು ಕೊಟ್ಟರೂ ಅಕ್ಷರ ಅಲುಗಾಡಲಿಲ್ಲ. ಅಂಕಿಗಳು ಮಾತ್ರ ಬದಲಾದವು. ಕಾರಣವಿಷ್ಟೇ: ಈ ತಂತ್ರಾಂಶ ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬ ಬೇರೆ ಕೋಣೆಯಲ್ಲಿ ಇಟ್ಟಿದೆ. ಆಯ್ಕೆಗಳ ಭಾಷಾ ವಿಭಾಗದಲ್ಲಿ ಆ ಕೋಣೆಯ ಬಾಗಿಲು ತೆರೆದು, ಶೈಲಿಯಲ್ಲಿ ಅಲ್ಲಿಯ ಫಾಂಟು ಮತ್ತು ಗಾತ್ರವನ್ನು ಬೇರೆಯಾಗಿಯೇ ಹೇಳಬೇಕು. ನಾನು ಹೇಳಿದ್ದು ಪಾಶ್ಚಾತ್ಯ ಅಕ್ಷರಗಳ ಕೋಣೆಗೆ. ಅಂಕಿಗಳು ಇರುವುದು ಆ ಕಡೆ, ಅದಕ್ಕೇ ಅವು ಮಾತು ಕೇಳಿದವು.

ಇನ್ನೊಂದು. ಒಂದೇ ಪುಟದಲ್ಲಿ ಹಿಡಿಸಬೇಕೆಂದು ಸಾಲಿನ ಅಂತರವನ್ನು 'ಫಿಕ್ಸ್ಡ್' ಮಾಡಿ 14 ಪಾಯಿಂಟ್ ಕೊಟ್ಟೆ. ಇಂಗ್ಲಿಷಿಗಾದರೆ ಸಾಕಾದೀತು. ನಮ್ಮಲ್ಲಿ 'ಲಕ್ಷ್ಮಮ್ಮ' ಎಂದು ಬರೆದರೆ ಕ್ಷಕ್ಕೆ ಮ ಒತ್ತು ಜೋತುಬಿದ್ದು ಎರಡು ಅಂತಸ್ತು ಕೆಳಗಿಳಿಯುತ್ತದೆ. ಒತ್ತಿನ ಪಾದ ಕತ್ತರಿಸಿಹೋಯಿತು. 'ಪ್ರೊಪೋರ್ಷನಲ್' ಮಾಡಿ 115 ಶೇಕಡಾ ಕೊಟ್ಟ ಮೇಲೆ ಲಕ್ಷ್ಮಮ್ಮನಿಗೆ ಕಾಲು ಬಂತು. ಎರಡೂ ಅಂಚಿಗೆ ಸಮ ಮಾಡುವ ಜೋಡಣೆಯನ್ನೂ ಕೈಬಿಟ್ಟೆ. 'ಸಂಬಂಧಿಸಿದಂತೆ', 'ಕೋರಿಕೊಳ್ಳುತ್ತೇನೆ' ಎಂಬಂಥ ಉದ್ದ ಪದಗಳು ಕೆಳಗಿನ ಸಾಲಿಗೆ ಹಾರಿದಾಗ ಮೇಲಿನ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದಿ ಬೀಳುತ್ತದೆ. ಕಚೇರಿ ಪತ್ರ ಎಡಕ್ಕೆ ನೆಟ್ಟಗಿದ್ದರೆ ಸಾಕು ಎಂಬುದು ನನ್ನ ತೀರ್ಮಾನ. ಅಕ್ಕನ ಮಗಳು ಒಪ್ಪಿಲ್ಲ.

ಹನ್ನೆರಡೂ ನಮೂನೆಗಳನ್ನು ಟೆಂಪ್ಲೇಟ್ ಆಗಿ ಉಳಿಸಿದೆ. ಈಗ ತೆರೆದರೆ ಹೆಸರಿಲ್ಲದ ಹೊಸ ಪತ್ರವೇ ತೆರೆಯುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆದು ಹಳೆಯದನ್ನು ಕಳೆದುಕೊಳ್ಳುವ ಕೆಲಸ ನಿಂತಿದೆ.

ತಾರೀಖು ತಪ್ಪಿದ್ದು

ಚಿಕ್ಕ ಘಟನೆ, ಆದರೂ ಬರೆಯಲೇಬೇಕು. ಟೆಂಪ್ಲೇಟಿನಲ್ಲಿ ದಿನಾಂಕವನ್ನು ಫೀಲ್ಡ್ ಆಗಿ ಹಾಕಿದ್ದೆ. ತೆರೆದ ದಿನದ ತಾರೀಖು ತಾನೇ ಬರುತ್ತದೆಂಬ ಸಂತೋಷ. ಮೇ ತಿಂಗಳಲ್ಲಿ ವಾಲಿದ ಕಂಬದ ಬಗ್ಗೆ ವಿದ್ಯುತ್ ಕಚೇರಿಗೆ ಬರೆದ ಪತ್ರದ ನಕಲನ್ನು ಜೂನ್ ಕೊನೆಯಲ್ಲಿ ಕೇಳಿದರು. ತೆರೆದು ಮುದ್ರಿಸಿಕೊಂಡು ಹೋದೆ. "ನೀವು ಬರೆದದ್ದೇ ಇವತ್ತಲ್ಲವೇ?" ಎಂದು ಗುಮಾಸ್ತರು ನಕ್ಕರು. ಪತ್ರದ ಮೇಲೆ ಅಂದಿನ ತಾರೀಖೇ ಇತ್ತು. ಫೀಲ್ಡ್‌ಗಳ ಪೆಟ್ಟಿಗೆಯಲ್ಲಿ ದಿನಾಂಕಕ್ಕೆ ಎರಡು ಬಗೆಯಿದೆ, ಒಂದು ಬದಲಾಗುವುದು, ಇನ್ನೊಂದು ನಿಂತುಬಿಡುವುದು. ಹೋದ ಪತ್ರದಲ್ಲಿ ತಾರೀಖು ನಿಲ್ಲಬೇಕು. ಈಗ ನಾನು ದಿನಾಂಕವನ್ನು ಕೈಯಿಂದಲೇ ಹೊಡೆಯುತ್ತೇನೆ. ಹೊರಟ ಪತ್ರವನ್ನು ಪಿ.ಡಿ.ಎಫ್. ಮಾಡಿ, ಟಪಾಲು ವಹಿಯ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಇಡುತ್ತೇನೆ. ಕಂಬ ಇನ್ನೂ ವಾಲಿಕೊಂಡೇ ಇದೆ.

ಅರವತ್ತೆರಡು ಚೀಟಿಗಳು

ದೊಡ್ಡ ಕೆಲಸ ಇದು. ಬಟವಾಡೆಯಂದು ಪ್ರತಿಯೊಬ್ಬರಿಗೂ ಹೆಸರು, ಚೆಕ್‌ರೋಲ್ ಸಂಖ್ಯೆ, ಮರಗಸಿ, ಚಿಗುರು ತೆಗೆದದ್ದು, ಬೋರ್ಡೋ ಹೊಡೆದದ್ದು ಎಂದು ದಿನಗಳ ಲೆಕ್ಕ, ಮುಂಗಡ ಕಳೆದು ಕೈಗೆ ಬರುವ ಮೊತ್ತ, ಇಷ್ಟಿರುವ ಚೀಟಿ ಕೊಡಬೇಕು. ಮೊದಲು ನಾನು ಒಂದು ಚೀಟಿ ಹೊಡೆದು, ನಕಲು ಮಾಡಿ, ಹೆಸರು ಬದಲಿಸಿ, ಮತ್ತೆ ನಕಲು ಮಾಡುತ್ತಿದ್ದೆ. ಶುಕ್ರವಾರ ರಾತ್ರಿ ಅದಕ್ಕೇ ಹೋಗುತ್ತಿತ್ತು. 'ಮೇಲ್ ಮರ್ಜ್'ನಲ್ಲಿ ವಿವರವೆಲ್ಲ ಒಂದು ಕ್ಯಾಲ್ಕ್ ಕೋಷ್ಟಕದಲ್ಲಿರುತ್ತದೆ, ಚೀಟಿ ಒಂದೇ. ಹೆಸರಿನ ಜಾಗದಲ್ಲಿ ಹೆಸರಿನ ಫೀಲ್ಡ್, ಮೊತ್ತದ ಜಾಗದಲ್ಲಿ ಮೊತ್ತದ ಫೀಲ್ಡ್.

ಮೊದಲ ಏಟು ಹೆಸರುಗಳಿಗೆ ಬಿತ್ತು. ಹೊರಗೆ ಬೇರೊಬ್ಬರಿಂದ ಮಾಡಿಸಿದ್ದ ಪಟ್ಟಿ ಸಿ.ಎಸ್.ವಿ. ಕಡತವಾಗಿ ಬಂತು. ತೆರೆದರೆ ಹೆಸರುಗಳ ಅಂಕಣದ ತುಂಬ ಪ್ರಶ್ನಾರ್ಥಕ ಚಿಹ್ನೆ. ಯುನಿಕೋಡನ್ನು ಉಳಿಸುವ ಬಗೆಯಾದ ಯು.ಟಿ.ಎಫ್.-8 ಎಂದು ಆರಿಸದೆ ಉಳಿಸಿದ್ದರಿಂದ ಕನ್ನಡ ಅಲ್ಲೇ ಅಳಿಸಿಹೋಗಿತ್ತು. ಯಾವ ವಿದ್ಯೆಯಿಂದಲೂ ಅದು ಮರಳದು. ಚೆಕ್‌ರೋಲ್ ಪುಸ್ತಕ ಮುಂದಿಟ್ಟುಕೊಂಡು 62 ಹೆಸರುಗಳನ್ನೂ ಮತ್ತೆ ಹೊಡೆದೆ. ನುಡಿಯ ಕೀಲಿಮಣೆ ಬೆರಳಿಗೆ ಅಂಟಿರುವುದರಿಂದ ಅದು ಕಷ್ಟವಾಗಲಿಲ್ಲ; ಕೆ.ಪಿ. ರಾವ್ ಅವರು ಹೊಂದಿಸಿದ ಆ ವಿನ್ಯಾಸದಲ್ಲಿ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಮುಗಿಯುತ್ತದೆ. ಟೈಪ್‌ರೈಟರ್‌ನಲ್ಲಿ ಒತ್ತಕ್ಷರಕ್ಕೆ ಕೀಲಿ ಹುಡುಕಿ ಸೋತ ಕೈಗೆ ಅದು ಹಬ್ಬ.

ಎರಡನೆಯ ಏಟು ಸಂಖ್ಯೆಗಳಿಗೆ. 047 ಎಂದು ಹೊಡೆದರೆ 47 ಆಗಿ ಕೂರುತ್ತದೆ. ಅಂಕಣವನ್ನು ಮೊದಲೇ 'ಟೆಕ್ಸ್ಟ್' ಎಂದು ಗೊತ್ತುಮಾಡಿ ಆಮೇಲೆ ಹೊಡೆಯಬೇಕು. ನಮ್ಮಲ್ಲಿ ಸೊನ್ನೆ ಬಿಟ್ಟರೆ ಆಗದು, ಏಕೆಂದರೆ ಲಕ್ಷ್ಮಮ್ಮಂದಿರು ಇಬ್ಬರಿದ್ದಾರೆ, ಇಬ್ಬರೂ ಕೆಲಸಗಾರರ ಮನೆಗಳ ಒಂದೇ ಲೈನಿನವರು. ಅವರನ್ನು ಬೇರೆ ಮಾಡುವುದು ಆ ಮೂರು ಅಂಕಿಯೇ.

ಮೂರನೆಯದು ನನ್ನ ಮಾನ ಕಳೆಯಿತು. ಒಟ್ಟು ಮೊತ್ತ ಕೈಲೆಕ್ಕಕ್ಕಿಂತ ಕಡಿಮೆ ಬರುತ್ತಿತ್ತು. ಮೂರು ಸಲ ಕೂಡಿದೆ, ನನ್ನ ಲೆಕ್ಕವೇ ಸರಿ. ಅಕ್ಕನ ಮಗಳು ದೂರದಿಂದಲೇ ಅಂಕಣವನ್ನು ನೋಡಿ, "ಎಲ್ಲ ಅಂಕಿಗಳೂ ಬಲಕ್ಕೆ ಒರಗಿವೆ, ಇವು ಐದು ಮಾತ್ರ ಎಡಕ್ಕೆ ಏಕೆ ನಿಂತಿವೆ ಮಾವ?" ಎಂದಳು. ಆ ಐದರಲ್ಲೂ 1 ಎಂಬ ಅಂಕಿಯ ಬದಲು ನಾನು ಇಂಗ್ಲಿಷಿನ ಸಣ್ಣ ಎಲ್ ಹೊಡೆದಿದ್ದೆ. ನಾನು ಇಂಗ್ಲಿಷ್ ಕಲಿತ ಹಳೆಯ ಟೈಪ್‌ರೈಟರ್‌ನಲ್ಲಿ ಒಂದಕ್ಕೆ ಕೀಲಿಯೇ ಇರಲಿಲ್ಲ. ಎಲ್ ಹೊಡೆದರೆ ಒಂದು. ಅವಸರ ಬಿದ್ದಾಗ ಬೆರಳು ಇಂದಿಗೂ ಅಲ್ಲಿಗೇ ಓಡುತ್ತದೆ. ಕಣ್ಣಿಗೆ 1500, ಯಂತ್ರಕ್ಕೆ ಅದು ಪದ, ಕೂಡುವಾಗ ಬಿಟ್ಟು ಮುಂದೆ ಹೋಗುತ್ತದೆ.

ಕೊನೆಗೆ ಮುದ್ರಣ. ಮೊದಲು ಬಂದದ್ದು ಪುಟಕ್ಕೊಂದು ಚೀಟಿ, 62 ಹಾಳೆ. ಒಂದು ಎ4 ಹಾಳೆಯಲ್ಲಿ ಆರು ಹಿಡಿಸುತ್ತವೆ. ಆರು ಚೀಟಿಗಳನ್ನು ಒಂದೇ ಪುಟದಲ್ಲಿಟ್ಟರೆ ಆರರಲ್ಲೂ ಒಬ್ಬರದೇ ಹೆಸರು. ನಡುವೆ 'ನೆಕ್ಸ್ಟ್ ರೆಕಾರ್ಡ್' ಎಂಬ ಫೀಲ್ಡ್ ಹಾಕಬೇಕೆಂದು ತಿಳಿದು, ಪ್ರತಿ ಚೀಟಿಯ ಮುಂದೆಯೂ ಒಂದೊಂದು, ಒಟ್ಟು ಆರು ಹಾಕಿದೆ. ಶನಿವಾರ ಚೀಟಿ ಹಂಚಲು ಕುಳಿತಾಗ ಮೇಸ್ತ್ರಿ, "ನನ್ನದು ಎಲ್ಲಿ?" ಎಂದ. ಅವನ ಸಂಖ್ಯೆ 001. ಅವನದು ಮಾತ್ರವೇ ಅಲ್ಲ, 008, 015, 022 ಯಾವುದೂ ಇಲ್ಲ. ಒಟ್ಟು ಒಂಬತ್ತು ಜನ ಕಾಣೆ. ಮೊದಲ ಚೀಟಿಯ ಮುಂದೆ ಹಾಕಿದ ಫೀಲ್ಡ್ ಪ್ರತಿ ಪುಟದಲ್ಲೂ ಒಬ್ಬರನ್ನು ಹಾರಿಸಿಕೊಂಡು ಹೋಗಿತ್ತು. ಆರು ಚೀಟಿಗೆ ಬೇಕಾದದ್ದು ಐದೇ; ಪುಟ ತಿರುಗಿದಾಗ ಅದು ತಾನೇ ಮುಂದಿನವರಿಗೆ ಹೋಗುತ್ತದೆ. 62 ಜನಕ್ಕೆ ಹನ್ನೊಂದು ಹಾಳೆ ಬರಬೇಕಿತ್ತು, ಬಂದದ್ದು ಒಂಬತ್ತು. ಹಾಳೆ ಎಣಿಸಿದ್ದರೆ ಶುಕ್ರವಾರವೇ ತಿಳಿಯುತ್ತಿತ್ತು. ಚೀಲ ಎಣಿಸುವ ರೈಟರ್ ಹಾಳೆ ಎಣಿಸಲಿಲ್ಲ. ಆ ಒಂಬತ್ತು ಚೀಟಿಗಳನ್ನು ಕೈಯಲ್ಲೇ ಬರೆದುಕೊಟ್ಟೆ. ಮೇಸ್ತ್ರಿ ಈಗ ಪ್ರತಿ ಶನಿವಾರವೂ ಮೊದಲು ತನ್ನ ಚೀಟಿ ಕೇಳಿ ಪಡೆದೇ ಮುಂದೆ ನಡೆಯುತ್ತಾನೆ.

ಚೆಕ್‌ರೋಲ್ ಎಂಬ ಪದ

ಯುನಿಕೋಡ್‌ನಲ್ಲಿ ಈ ಪದವನ್ನು ನೇರವಾಗಿ ಹೊಡೆದರೆ 'ಚೆಕ್ರೋಲ್' ಆಗುತ್ತದೆ. ಅರ್ಧ ಕಕಾರದ ಕೆಳಗೆ ರ ಒತ್ತಾಗಿ ನುಗ್ಗುತ್ತದೆ. ಹಳೆಯ ಫಾಂಟಿನಲ್ಲಿ ಈ ಕಾಟ ಇರಲಿಲ್ಲವೆಂದು ಗೊಣಗಿದೆ. ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಗೋಡೆಯನ್ನು ನಿಲ್ಲಿಸಬೇಕು. ಗೋಡೆ ಬೇಕಾದ ಕಡೆ 200 ಎಂದು ಹೊಡೆದು, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಸಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಆ ನಾಲ್ಕೂ ಮಾಯವಾಗಿ ಗೋಡೆ ಏಳುತ್ತದೆ. ದಿನಕ್ಕೆ ಹತ್ತು ಸಲ ಇದನ್ನು ಮಾಡಲು ಯಾರಿಂದಾದೀತು? 'ಆಟೋ ಕರೆಕ್ಟ್' ಪಟ್ಟಿಯಲ್ಲಿ ತಪ್ಪು ರೂಪವನ್ನು ಒಂದು ಕಡೆ, ಸರಿಯಾದದ್ದನ್ನು ಇನ್ನೊಂದು ಕಡೆ ಒಮ್ಮೆ ಬರೆದಿಟ್ಟೆ. ಈಗ ನಾನು ತಪ್ಪಾಗಿಯೇ ಹೊಡೆಯುತ್ತೇನೆ, ಅದು ತಿದ್ದಿಕೊಳ್ಳುತ್ತದೆ. ಮುಂಗಾರು ಹಿಡಿದ ಮೇಲೆ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿಯೂ ಮುದುಕ. ಹಾಗಾಗಿ ತಾನೇ ಉಳಿಸಿಕೊಳ್ಳುವ ಅವಧಿಯನ್ನು ಹತ್ತು ನಿಮಿಷದಿಂದ ಎರಡಕ್ಕೆ ಇಳಿಸಿದ್ದೇನೆ.

ಜುಲೈ ಮೂರನೆಯ ವಾರದ ಹೊತ್ತಿಗೆ ಹನ್ನೆರಡರಲ್ಲಿ ಹನ್ನೊಂದು ಮುಗಿದಿವೆ. ದರಪಟ್ಟಿ ಕೋರಿಕೆಯ ಕೋಷ್ಟಕ ಎರಡನೆಯ ಪುಟಕ್ಕೆ ಹೋದಾಗ ತಲೆಸಾಲು ಮತ್ತೆ ಬರುವಂತೆ ಮಾಡಿದ್ದೇನೆ, ಆದರೆ ಮರಗಳ ಸುತ್ತಳತೆಯ ಅಂಕಣ ಅಗಲವಾಗಿ ಬಲ ಅಂಚಿನಿಂದ ಹೊರಗೆ ಇಣುಕುತ್ತಿದೆ. ಇನ್ನು ಸಹಿಯ ಜಾಗ. 3 ಸೆಂಟಿಮೀಟರ್ ಸಾಕೆಂದು ಇಟ್ಟಿದ್ದೆ. ನಿನ್ನೆ ಸಾಹುಕಾರರು ಬ್ಯಾಂಕಿನ ಪತ್ರಕ್ಕೆ ಸಹಿ ಮಾಡಿದಾಗ ಬಾಲ ಕೆಳಗಿಳಿದು ತಮ್ಮದೇ ಹೆಸರಿನ ಮೇಲೆ ಗೀಟು ಎಳೆಯಿತು. ಮೊಹರು ಒತ್ತಿದ ಮೇಲೆ ಹೆಸರು ಓದಲೇ ಆಗಲಿಲ್ಲ. ಹಳೆಯ ಪತ್ರವೊಂದನ್ನು ತೆಗೆದು ಸ್ಕೇಲ್ ಇಟ್ಟು ನೋಡಿದೆ. ಏಳು ಎಂಟರ್ ಎಂದರೆ ನಾಲ್ಕು ಸೆಂಟಿಮೀಟರ್‌ಗೆ ಸ್ವಲ್ಪ ಮೇಲೆ.